ಟಾವೆಲ್ ಕೆಳಗಿನ ಕೈ

ಮುದ್ದೇಬಿಹಾಳದಲ್ಲಿ ನನಗೆ ಬಾಡಿಗೆಗೆ ಮನೆ ಸಿಗಲಿಲ್ಲ. ಸಿಗಲಿಲ್ಲ ಅನ್ನುವುದು ಸುಳ್ಳು. ಮನೆಗಳಿದ್ದವು. ಗೇಟಿಗೆ ಬೋರ್ಡೂ ಇತ್ತು. ನಾನು ಹೋಗಿ ನಿಂತ ಮೇಲೆ ಬೋರ್ಡು ಮಾತ್ರ ಉಳಿಯುತ್ತಿತ್ತು, ಮನೆ ಇರುತ್ತಿರಲಿಲ್ಲ.

ಎಲ್ಲರೂ ಒಂದೇ ದಾರಿ ಹಿಡಿದು ಬರುತ್ತಾರೆ. ಮೊದಲು ಊರು ಯಾವುದು ಅಂತ ಕೇಳುತ್ತಾರೆ. ಸಿಂದಗಿ ಅಂದರೆ ಮುಖ ಅರಳುತ್ತದೆ. ನೌಕರಿ ಏನು ಅಂತ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಅಂದರೆ ಕುರ್ಚಿ ಬರುತ್ತದೆ. ಚಹಾ ಇನ್ನೇನು ಬರಬೇಕು, ಅಷ್ಟರಲ್ಲಿ ಕೇಳುತ್ತಾರೆ, "ನಿಮ್ಮದು ಯಾರ ಪೈಕಿ ಆಗ್ತೈತ್ರಿ?" ನಾನು ಸುಳ್ಳು ಹೇಳುವುದಿಲ್ಲ. ಮಾದರು ಅನ್ನುತ್ತೇನೆ. ಚಹಾ ಒಳಗೇ ಆರುತ್ತದೆ.

ಜಯಮಾಲಾ ಅಂತ ಒಬ್ಬರಿದ್ದರು. ಅವರ ಸೊಸೆಯ ಹೆರಿಗೆ ಮಾಡಿಸಿದ್ದು ನಾನು. ಕೂಸಿನ ಕೊರಳಿಗೆ ಹೊಕ್ಕಳ ಬಳ್ಳಿ ಸುತ್ತಿತ್ತು. ಡಾಕ್ಟರು ಓಡಿ ಬರುವ ಹೊತ್ತಿಗೆ ನಾನೇ ಬಳ್ಳಿ ಬಿಡಿಸಿ ಕೂಸನ್ನು ಹೊರಗೆ ತೆಗೆದಿದ್ದೆ. ಜಯಮಾಲಾ ಅವತ್ತು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಮಹಡಿ ಮನೆ ಖಾಲಿ ಇದೆ, ನಮ್ಮಲ್ಲೇ ಬಂದು ಇರು ಅಂತ ಅವರೇ ಕರೆದರು. ಹೋದೆ. ಪೈಕಿ ಕೇಳಿದರು. ಹೇಳಿದೆ.

"ಮನ್ಯಾಗ ಹಿರೇರು ಅದಾರ್ರಿ ಸಿಸ್ಟರ್. ನಮಗೇನಿಲ್ಲ ಬಿಡ್ರಿ. ಅವರದ ಒಂದೀಟು..." ಅಂದರು.

ಆ ಹಿರಿಯರು ಯಾರು, ಎಲ್ಲಿದ್ದಾರೆ, ಯಾರೂ ತೋರಿಸುವುದಿಲ್ಲ. ನಮ್ಮ ಕಡೆಯ ಪ್ರತಿ ಮನೆಯಲ್ಲೂ ಕಣ್ಣಿಗೆ ಕಾಣದ ಒಬ್ಬ ಹಿರಿಯ ಕೂತಿದ್ದಾನೆ. ಹೊಲಸು ಮಾತೆಲ್ಲ ಅವನದೇ. ಉಳಿದವರು ಬಲು ಒಳ್ಳೆಯವರು.

ಕೊನೆಗೆ ಸಿಕ್ಕಿದ್ದು ಅಂಗಡಿಯೊಂದರ ಮಾಳಿಗೆ ಮೇಲಿನ ತಗಡಿನ ಕೋಣೆ. ರಾತ್ರಿ ಡ್ಯೂಟಿ ಮುಗಿಸಿ ಬಂದು ಹಗಲು ಮಲಗಿದರೆ ಹಂಚಿನ ಮೇಲಿನ ರೊಟ್ಟಿಯ ಹಾಗೆ ಎರಡೂ ಮಗ್ಗುಲು ಬೇಯುತ್ತಿದ್ದೆ. ಅವ್ವನನ್ನು ಅಲ್ಲಿಗೆ ಕರೆಸಿಕೊಳ್ಳುವ ಹಾಗಿರಲಿಲ್ಲ. ಅವ್ವ ಸಿಂದಗಿಯಲ್ಲಿ, ನಾನು ಇಲ್ಲಿ.

ಆಗ ಇಬ್ರಾಹಿಂಸಾಬರ ಮನೆ ಕಣ್ಣಿಗೆ ಬಿತ್ತು. ಬಾಡಿಗೆಗಲ್ಲ, ಮಾರಾಟಕ್ಕೆ. ವಯಸ್ಸಾದವರು, ತಾವೇ ಬೀಗ ತೆಗೆದು ತೋರಿಸಿದರು. ಪೈಕಿ ಕೇಳಲಿಲ್ಲ.

"ಬೇಟಿ, ಇಲ್ಲಿ ನಳಾ ಸಣ್ಣಗ ಬರ್ತೈತಿ. ಮೊದಲ ಹೇಳಿಬಿಡ್ತೇನಿ. ಆಮ್ಯಾಲ ನನಗ ಬೈಬ್ಯಾಡ" ಅಂದರು.

ನನಗೆ ಅಲ್ಲೇ ಅಳು ಬಂತು. ಇವಳಿಗೇನಾಯಿತು ಅಂತ ಅವರು ಗಾಬರಿಯಾದರು. ಮೊಮ್ಮಗಳ ಲಗ್ನವಿದೆ, ಯುಗಾದಿಯ ತನಕ ಕಾಯುತ್ತೇನೆ, ಆಮೇಲೆ ಆಗುವುದಿಲ್ಲ ಅಂದರು. ಮನೆ ಸ್ವಂತದ್ದಾದರೆ ಯಾರ ಪೈಕಿ ಅಂತ ಯಾವ ಮಗನೂ ಕೇಳುವಂತಿಲ್ಲ. ಸಿಂದಗಿಯ ಮನೆ ಮಾರಿ ಅದನ್ನು ಕೊಳ್ಳುವುದು ಅಂತ ನಾನೂ ಅವ್ವನೂ ಗಟ್ಟಿ ಮಾಡಿದೆವು.

ಸಿಂದಗಿಯ ಮನೆ ಅಪ್ಪ ಕಟ್ಟಿದ್ದು. ಅಪ್ಪ ಯಮನಪ್ಪ ಗೌಂಡಿ, ಗಾರೆ ಕೆಲಸದವನು. ಅವ್ವ ಗುಂಡವ್ವ ಅವನ ಜೊತೆ ಕಲ್ಲು, ಉಸುಕು, ಸಿಮೆಂಟು ಹೊರುವಾಕೆ. ಆ ಓಣಿಯ ಮನೆಗಳೆಲ್ಲ ಅವರಿಬ್ಬರ ಮೈಮೇಲೆ ಎದ್ದವು. ಅವ್ವನ ನೆತ್ತಿಯ ನಡುವೆ ಕೂದಲಿಲ್ಲ, ಬುಟ್ಟಿ ತಿಂದಿದೆ. ಅಪ್ಪನ ಬೆರಳ ಸಂದಿಯಲ್ಲಿ ಸಿಮೆಂಟು ತಿಂದ ಕೆಂಪು ಹುಣ್ಣು. ಖಾರ ಮುಟ್ಟಿದರೆ ಉರಿಯುತ್ತದೆ ಅಂತ ಅವ್ವನೇ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಅವನ ಬಾಯಿಗೆ ಇಡುತ್ತಿದ್ದಳು.

ನೀರಿನ ಟಾಕಿ ಕಟ್ಟುವುದರಲ್ಲಿ ಅಪ್ಪನನ್ನು ಮೀರಿಸುವವರಿರಲಿಲ್ಲ. ಅಂಗಳದಲ್ಲಿ ತೋಡಿದ ಟಾಕಿಯೊಳಗೆ ಇಳಿದು, ಕುಕ್ಕರಗಾಲಲ್ಲಿ ಕೂತು, ಒಳಗೋಡೆಗೆ ಸಿಮೆಂಟಿನ ಗಿಲಾವು ಮಾಡಿ, ಕೊನೆಗೆ ಬರಿಗೈಯಿಂದ ತಿಕ್ಕಿ ನಯ ಮಾಡುತ್ತಿದ್ದ. ಸಂಜೆ ಮೇಲೆ ಬಂದಾಗ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಓಣಿಯ ಒಂದು ಟಾಕಿಯೂ ಇವತ್ತಿಗೂ ಸೋರುವುದಿಲ್ಲ. ಆ ನೀರನ್ನೇ ಅವರು ಕುಡಿಯುತ್ತಾರೆ, ಅದರಲ್ಲೇ ದೇವರಿಗೆ ಅಭಿಷೇಕ ಮಾಡುತ್ತಾರೆ. ಗೃಹಪ್ರವೇಶದ ದಿನ ಮಾತ್ರ ಅಪ್ಪನಿಗೆ ಗೇಟಿನ ಹೊರಗೆ ಊಟ.

ಓಣಿಯ ತುದಿಯಲ್ಲಿ ಒಂದು ಮೂಲೆ ಜಾಗ ಯಾರಿಗೂ ಬೇಡವಾಗಿತ್ತು. ಪಕ್ಕದಲ್ಲಿ ಸತ್ತ ದನ ಎಳೆದು ಹಾಕುವ ತಗ್ಗು. ನಾತ. ಹಾಗಾಗಿ ಅದು ಅಪ್ಪನಿಗೆ ಸಿಕ್ಕಿತು. ಹಗಲು ಊರವರ ಮನೆ, ಸಂಜೆ ನಮ್ಮ ಮನೆ. ವರ್ಷಗಟ್ಟಲೆ ಇಬ್ಬರೂ ಹಾಗೇ ಕಟ್ಟಿದರು. ಆಮೇಲೆ ತಗ್ಗು ಮುಚ್ಚಿ ದೊಡ್ಡ ರಸ್ತೆ ಮಾಡಿದರು. ನಾತ ಹೋಗಿ ಬೆಲೆ ಬಂತು. ಅದನ್ನು ನೋಡಲು ಅಪ್ಪ ಇರಲಿಲ್ಲ. ಧೂಳು ಎದೆಯಲ್ಲಿ ಕೂತು, ಕೆಮ್ಮಿ ಕೆಮ್ಮಿ ಹೋಗಿದ್ದ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ದನದ ಸಂತೆಯಲ್ಲಿ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ದಲಾಲಿ ತನ್ನ ಹೆಗಲ ಟಾವೆಲ್ಲನ್ನು ಕೈಮೇಲೆ ಹಾಕಿಕೊಳ್ಳುತ್ತಾನೆ. ಅದರ ಕೆಳಗೆ ಎದುರಿನವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದನೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ತಿಳಿಯದೆ ಇರುವುದರಿಂದಲೇ ಬೆಲೆ ಏರುತ್ತದೆ. ಒಬ್ಬ ಎರಡು ಹಿಡಿದದ್ದು ಗೊತ್ತಾಗದೆ ಇನ್ನೊಬ್ಬ ಮೂರು ಹಿಡಿಯುತ್ತಾನೆ. ಒಮ್ಮೆ ಒಪ್ಪಿ ಒತ್ತಿದ ಮೇಲೆ ಇಲ್ಲ ಅನ್ನುವಂತಿಲ್ಲ. ಅಂದವನಿಗೆ ಸಂತೆಯಲ್ಲಿ ಮತ್ತೆ ಯಾರೂ ಕೈ ಕೊಡುವುದಿಲ್ಲ.

ಅಪ್ಪನ ಕೈ ಯಾವ ಟಾವೆಲ್ ಕೆಳಗೂ ಹೋಗಲಿಲ್ಲ. ನಾನು ಸಾಲೆಗೆ ಹೋಗುತ್ತಿದ್ದ ಕಾಲ. ಅಪ್ಪ ಒಂದು ಆಕಳು ಮಾರಲು ಸಂತೆಗೆ ಹೊಡೆದುಕೊಂಡು ಹೋದ. ನಾನೂ ಅವ್ವನೂ ಜೊತೆಗಿದ್ದೆವು. ದಲಾಲಿ ಶ್ರೀಶೈಲಪ್ಪ ಬಂದ. ಆಕಳ ಬಾಯಿ ಬಿಡಿಸಿ ಹಲ್ಲು ನೋಡಿದ. ಕೆಚ್ಚಲು ಹಿಂಡಿದ. ಅಪ್ಪ ಎಲ್ಲರ ಹಾಗೆ ಕೈ ಚಾಚಿದ. ಶ್ರೀಶೈಲಪ್ಪ ತನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಸಂತೆಗೆಲ್ಲ ಕೇಳುವ ಹಾಗೆ ಬೆಲೆ ಕೂಗಿದ. "ಏ ಯಮನ್ಯಾ, ನಿನ್ನ ಆಕಳಿಗೆ ಇಷ್ಟ. ಕೊಡೂದಿದ್ರ ಕೊಡು, ಇಲ್ಲಂದ್ರ ಹೊಡಕೊಂಡು ನಡಿ."

ಕೂಗಿದ ಬೆಲೆಯ ಮೇಲೆ ಇನ್ನೊಬ್ಬ ಯಾಕೆ ಹೆಚ್ಚು ಕೊಟ್ಟಾನು? ಆಕಳು ಅರ್ಧ ಬೆಲೆಗೆ ಹೋಯಿತು. ಶ್ರೀಶೈಲಪ್ಪ ಆಕಳ ಜೊಲ್ಲು ಮುಟ್ಟಿದ, ಸಗಣಿ ಮೆತ್ತಿದ ಹಗ್ಗ ಮುಟ್ಟಿದ. ಅಪ್ಪನ ಕೈ ಮುಟ್ಟಲಿಲ್ಲ. ಊರ ದಾರಿಯುದ್ದಕ್ಕೂ ಅಪ್ಪ ಆ ಕೈಯನ್ನು ಅಂಗಿಗೆ ಒರೆಸುತ್ತಲೇ ಬಂದ. ನಾನು ಅವತ್ತು ಶ್ರೀಶೈಲಪ್ಪ ಸಾಯಲಿ ಅಂದುಕೊಂಡೆ. ಇವತ್ತಿಗೂ ಆ ಮಾತು ಹಿಂದೆ ತೆಗೆದುಕೊಂಡಿಲ್ಲ.

ಅದಕ್ಕೇ, ಏಜೆಂಟನನ್ನು ಹುಡುಕಲು ನಾನು ರಜೆ ಹಾಕಿ ಬಂದಾಗ ಅವ್ವ ಹೇಳಿದ್ದು ಒಂದೇ ಮಾತು. "ಯಾರನ್ನರ ಹಿಡಿ ವಿದ್ಯಾ. ಆ ಶ್ರೀಶೈಲಪ್ಪ ಬ್ಯಾಡ." ಶ್ರೀಶೈಲಪ್ಪ ಈಗ ದನ ಬಿಟ್ಟು ಮನೆ, ಪ್ಲಾಟು ಹಿಡಿದಿದ್ದ. ಟಾವೆಲ್ ಮಾತ್ರ ಬಿಟ್ಟಿರಲಿಲ್ಲ. ಪ್ಲಾಟಿನ ವ್ಯಾಪಾರವನ್ನೂ ಅದರ ಕೆಳಗೇ ಮಾಡುತ್ತಾನೆ ಅಂತ ಊರು ನಗುತ್ತಿತ್ತು. ನಕ್ಕವರೂ ಕೈ ಕೊಡುತ್ತಿದ್ದರು.

ನಾನು ಬಸಂತರಾಯನನ್ನು ಆರಿಸಿದೆ. ಗಾಜಿನ ಬಾಗಿಲಿನ ಆಫೀಸು. ಇಂಡಿಯಲ್ಲಿ ಮಾರಿಸಿದ ಮನೆ, ಬಸವನ ಬಾಗೇವಾಡಿಯಲ್ಲಿ ಮಾರಿಸಿದ ಮನೆ ಅಂತ ಗೋಡೆ ತುಂಬ ಫೋಟೋ. ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಕುರ್ಚಿ ಕೊಟ್ಟ. ಪೈಕಿ ಕೇಳಲಿಲ್ಲ. ಚಹಾ ನಿಜವಾಗಿಯೂ ಬಂತು. ಸಿಕ್ಕನಪ್ಪಾ ಒಬ್ಬ ಮನುಷ್ಯ ಅಂತ ಹಿಗ್ಗಿದೆ. ನಾನು ಕೊಟ್ಟ ಮನೆಯ ಉತಾರದ ಕಾಗದದಲ್ಲಿ ಅಪ್ಪನ ಹೆಸರಿನ ಮುಂದೆ 'ಮಾದರ' ಅಂತ ಅಡ್ಡಹೆಸರು ಇದ್ದದ್ದನ್ನು ಅವನು ಆಗಲೇ ಓದಿಕೊಂಡಿದ್ದ ಅಂತ ಆಮೇಲೆ ತಿಳಿಯಿತು.

ಮನೆಗೆ ಬಂದು ನೋಡಿದ. ನೆಲ ತಟ್ಟಿದ, ಗೋಡೆ ತಟ್ಟಿದ, ಹೊರಗೆ ನಿಂತು ರಸ್ತೆ ನೋಡಿದ. "ಮೂಲಿ ಜಾಗಾ, ಗಟ್ಟಿ ಮನಿ. ನಾಲ್ಕಕ್ಕ ಹೋಗ್ತೈತಿ ಸಿಸ್ಟರ್" ಅಂತ ನಾಲ್ಕು ಬೆರಳು ಎತ್ತಿದ. ಬೆರಳಿಗೆ ಹತ್ತು ಲಕ್ಷ. ನಾಲ್ಕು ಬೆರಳು ಬಂದರೆ ಇಬ್ರಾಹಿಂಸಾಬರ ಮನೆ ನಮ್ಮದು. ಅವ್ವ ಆಗಲೇ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು.

"ಸಿಟ್ಟಾಗಬ್ಯಾಡ್ರಿ ಸಿಸ್ಟರ್, ಒಂದೆರಡು ಮಾತು" ಅಂದ ಬಸಂತರಾಯ. "ನಾ ಇಂಥಾವೆಲ್ಲ ನಂಬಾವಲ್ಲ. ಆದ್ರ ಮಾರ್ಕೆಟ್ ನಂಬ್ತೈತಿ."

ಕಾಣದ ಹಿರಿಯ ಈಗ ಹೆಸರು ಬದಲಿಸಿಕೊಂಡು ಬಂದಿದ್ದ.

ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ಇಳಿಸಬೇಕು. ಅಪ್ಪನ ಫೋಟೋ ಕೂಡ, ಯಾರಾದರೂ ಗುರುತು ಹಿಡಿದಾರು. ಮನೆ ಯಾರದು ಅಂತ ತಾನು ಹೇಳುವುದಿಲ್ಲ, ನಾವೂ ಹೇಳಬಾರದು. ಕರಾರು ಮೊದಲು ಬಸಂತರಾಯನ ಹೆಸರಿಗೆ, ಆಮೇಲೆ ಅವನು ತೋರಿಸಿದವರಿಗೆ. ಇಷ್ಟೆಲ್ಲ ಹೇಳಿ ಅವನು ಅವ್ವನ ಕಡೆ ನೋಡಿದ. ಬೋಳು ನೆತ್ತಿ ನೋಡಿದ, ಒಡೆದ ಹಿಮ್ಮಡಿ ನೋಡಿದ.

"ತಾಯಾರು ಗಿರಾಕಿ ಬಂದಾಗ ಒಳಗ ಬ್ಯಾಡ್ರಿ. ಕಸಬರಗಿ ಹಿಡಕೊಂಡು ಅಂಗಳದಾಗ ಇರ್ಲಿ. ಯಾರರ ಕೇಳಿದ್ರ ಕೆಲಸದಾಕಿ ಅಂತ ಹೇಳೂಣು."

"ಎದ್ದು ಹೊರಗ ನಡೀರಿ" ಅಂದೆ.

ಅವ್ವ ನನ್ನ ರಟ್ಟೆ ಹಿಡಿದಳು. "ಸುಮ್ಮನಿರು. ಕಸಬರಗಿ ನನಗ ಹೊಸದೇನ? ಮಂದಿ ಅಂಗಳ ಹೊಡದೇನಿ, ನನ್ನ ಅಂಗಳ ಹೊಡ್ಯಾಕ ಏನಾಗೇತಿ? ನೀ ಆ ತಗಡಿನಾಗ ಬೇಯೂದು ನನಗ ನೋಡಾಕಾಗೂದಿಲ್ಲ. ಮಾರ್ಲಿ ಬಿಡು."

ಫೋಟೋಗಳನ್ನು ಅವಳೇ ಇಳಿಸಿದಳು. ಸೆರಗಿನಿಂದ ಒರೆಸಿ, ಜೋಳದ ಡಬ್ಬಿಯೊಳಗೆ ಇಟ್ಟಳು. "ನಾಲ್ಕು ದಿನ ಇಲ್ಲೇ ಇರ್ರಿ" ಅಂತ ಅಪ್ಪನಿಗೆ ಹೇಳಿ ಮುಚ್ಚಳ ಹಾಕಿದಳು.

ಗಿರಾಕಿ ಬಂದರು. ಯಂಕಂಚಿಯ ಗುರುನಾಥ, ಗೊಬ್ಬರದ ವ್ಯಾಪಾರಿ. ಸಿಂದಗಿಯಲ್ಲಿ ರಸ್ತೆ ಮೂಲೆಗೆ ಅಂಗಡಿಯೂ ಮನೆಯೂ ಒಟ್ಟಿಗೆ ಬೇಕಾಗಿತ್ತು. ಜೊತೆಗೆ ಹೆಂಡತಿ, ಮೈತುಂಬ ಬಂಗಾರ. ಆಕೆಗೆ ಮನೆ ಹಿಡಿಸಿತು. ಕಟ್ಟಿದವನ ಕೈ ಭಾಳ ಸ್ವಚ್ಛ ಐತಿ ನೋಡ್ರಿ ಅಂತ ಗಂಡನಿಗೆ ಗೋಡೆ ಸವರಿ ತೋರಿಸಿದಳು. ಬಿಸಿಲಿಗೆ ಬಾಯಾರಿತ್ತು, ನೀರು ಕೇಳಿದಳು. ನಾನು ಕೊಡದಿಂದ ತಂದು ಕೊಟ್ಟೆ. ಗಟಗಟ ಕುಡಿದು ಇನ್ನೊಂದು ಗ್ಲಾಸು ಕೇಳಿದಳು.

ಹೊರಗೆ ಅವ್ವ ಕಸ ಹೊಡೆಯುತ್ತಿದ್ದಳು.

"ಏ ಮುದುಕಿ, ಆ ಮೂಲಿ ಬಿಟ್ಟಿ ನೋಡು. ಬಗ್ಗಿ ಹೊಡಿ" ಅಂದಳು ಆಕೆ. ಅವ್ವ ಬಗ್ಗಿದಳು. ಆಕೆ ಮತ್ತೂ ಕೇಳಿದಳು, "ಇವರು ಮನಿ ಬಿಟ್ಟಮ್ಯಾಲ ನಮ್ಮಲ್ಲೇ ಕೆಲಸಕ್ಕ ನಿಂದರ್ತೀಯೇನು? ಅಂಗಳ ಹೊಡದು ಹೊರಗಿಂದ ಹೊರಗ ಹೋದ್ರಾತು."

"ನೋಡೂಣ್ರೆವ್ವಾ" ಅಂದಳು ಅವ್ವ, ತಲೆ ಎತ್ತದೆ.

ಬಸಂತರಾಯ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಆ ಕಣ್ಣಿಗೆ ಸೂಜಿ ಚುಚ್ಚಬೇಕು ಅನ್ನಿಸಿತು. ದಿನಾ ಹತ್ತಾರು ಜನರಿಗೆ ಚುಚ್ಚುವ ಕೈ ಇದು.

ಮೂರು ದಿನ ಬಿಟ್ಟು ಮತ್ತೆ ಬಂದರು, ಮಾತು ಮುಗಿಸಲು. ಈ ಸಲ ತಮ್ಮ ಕಡೆಯ ದಲಾಲಿಯನ್ನು ಕರೆದುಕೊಂಡು ಬಂದಿದ್ದರು. ಕಾರಿನಿಂದ ಇಳಿದವನು ಶ್ರೀಶೈಲಪ್ಪ. ಮುಪ್ಪಾಗಿದ್ದ. ಬಿಳಿ ಧೋತರ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಅದೇ ಟಾವೆಲ್. ಅಂಗಳಕ್ಕೆ ಕಾಲಿಟ್ಟವನು ಕಸಬರಿಗೆ ಹಿಡಿದ ಅವ್ವನನ್ನು ನೋಡಿ ನಿಂತ.

"ಏ ಗುಂಡಿ! ನೀ ಇಲ್ಲೇನ್ ಮಾಡಾಕತ್ತಿ?" ಅಂದ. ಸುತ್ತ ನೋಡಿದ. "ಬಸಂತರಾಯಾ, ಇದು ಆ ಗೌಂಡಿ ಯಮನ್ಯಾನ ಮನಿ ಅಲ್ಲೇನೋ? ಮಾದರ ಮನಿಗೆ ನಮ್ಮನ್ನ ಕರಕೊಂಡು ಬಂದೀಯಾ?"

ಗುರುನಾಥನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯ ಶಿವನ, ನೀರು ಕುಡದಿದ್ನೆಲ್ಲಾ!" ಅಂತ ಥೂ ಥೂ ಅಂತ ಉಗುಳಿದಳು. ಅವ್ವ ಆಗಷ್ಟೇ ಹೊಡೆದ ಅಂಗಳದಲ್ಲೇ ಉಗುಳಿದಳು.

"ಕುಡದು ಮೂರು ದಿನ ಆತ್ರೆವ್ವಾ" ಅಂದಳು ಅವ್ವ. "ಇಳದು ಹೋಗಿರ್ತೈತಿ ಬಿಡ್ರಿ."

ಗಂಡ ಹೆಂಡತಿ ಗೇಟಿನ ಹೊರಗೆ ಹೋಗಿ ಕಾರಿನ ಹತ್ತಿರ ನಿಂತರು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಶ್ರೀಶೈಲಪ್ಪ ಗೇಟಿಗೆ ಹೋದ, ಅವರ ಕಿವಿಯಲ್ಲಿ ಏನೋ ಅಂದ, ತಿರುಗಿ ಬಂದ. ಬಸಂತರಾಯನ ಜೊತೆ ಗುಸುಗುಸು ಮಾಡಿದ. ಆಮೇಲೆ ಬಸಂತರಾಯ ನನ್ನ ಹತ್ತಿರ ಬಂದ.

"ಸಿಸ್ಟರ್, ಗಿರಾಕಿ ಕೈ ಬಿಟ್ಟು ಹೋಗಾಕತ್ತೇತಿ. ಅಡಗಿ ಮನಿ ಕೆಡವಿ ಹೊಸದು ಕಟ್ಟಬೇಕಂತ. ಶಾಂತಿ ಮಾಡಸಬೇಕಂತ. ಎರಡಕ್ಕ ಕೇಳಾಕತ್ತಾರ. ಹೂಂ ಅಂದುಬಿಡ್ರಿ."

"ಮೊನ್ನೆ ನಾಲ್ಕು ಅಂದಿದ್ರಿ."

"ಮೊನ್ನೆ ಅವರಿಗೆ ಗೊತ್ತಿರಲಿಲ್ಲ."

ಅತ್ತ ಶ್ರೀಶೈಲಪ್ಪ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಓಣಿಗೆಲ್ಲ ಕೇಳುವ ಹಾಗೆ ಕೂಗಿದ. "ಮನಿ ಬೆಲಿ ಬ್ಯಾರೆ, ಮಾದರ ಮನಿ ಬೆಲಿ ಬ್ಯಾರೆ! ಎರಡು! ಕೊಡೂದಿದ್ರ ಕೊಡ್ರಿ, ಇಲ್ಲಂದ್ರ ಇಟಗೊಂಡು ಕುಂಡ್ರಿ!"

ಅದೇ ದನಿ. ಅದೇ ಬೆನ್ನ ಹಿಂದಿನ ಕೈ. ಇನ್ನು ಓಣಿಯಲ್ಲಿ ಯಾವನೂ ಎರಡರ ಮೇಲೆ ಒಂದು ಪೈಸೆ ಕೇಳುವುದಿಲ್ಲ. ಇಬ್ರಾಹಿಂಸಾಬರ ಮನೆ ನನ್ನ ಕಣ್ಣೆದುರೇ ದೂರ ಹೋಯಿತು. ತಗಡು ಕಂಡಿತು. ಹೊಸ್ತಿಲ ಮೇಲೆ ಕೂತೆ. ನಾನು ಸುಮ್ಮನೆ ಕೂತದ್ದನ್ನು ಅವರು ಹೂಂ ಅಂತ ತಿಳಿದರು.

ಇಬ್ಬರೂ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರು. ಶ್ರೀಶೈಲಪ್ಪ ರೂಢಿಯಂತೆ ಹೆಗಲ ಟಾವೆಲ್ ತೆಗೆದು ಕೈಮೇಲೆ ಹರಡಿದ. ಬಸಂತರಾಯ ಅದರ ಕೆಳಗೆ ಕೈ ಹಾಕಿದ. ಗಾಜಿನ ಬಾಗಿಲಿನ ಬಸಂತರಾಯ! ಟಾವೆಲ್ ಮಿಸುಕಾಡಿತು. ಮನೆ ನಮ್ಮದು, ಕಟ್ಟೆ ನಮ್ಮದು. ಕೈ ಮಾತ್ರ ಅವರಿಬ್ಬರದು.

ಅವ್ವ ನೋಡುತ್ತಿದ್ದಳು. ಕಸಬರಿಗೆ ಎಸೆಯಲಿಲ್ಲ. ಗೋಡೆಗೆ ಆನಿಸಿ ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಕಲ್ಲು ಹೊರುವ ಮೊದಲು ಸಿಕ್ಕಿಸುವ ಹಾಗೆ. ಕಟ್ಟೆಯ ಹತ್ತಿರ ಹೋದಳು.

"ಮನಿ ನಂದು. ವ್ಯಾಪಾರ ನಿಮ್ಮಿಬ್ಬರದು ಹ್ಯಾಂಗಾತು?" ಅಂದಳು. ಅಂದವಳೇ ಟಾವೆಲ್ ಕೆಳಗೆ ತನ್ನ ಬಲಗೈ ತೂರಿಸಿದಳು.

"ಏ ಏ, ಮುಟ್ಟಬ್ಯಾಡ! ಬಿಡು! ಬಿಡಬೇ!" ಶ್ರೀಶೈಲಪ್ಪ ಕಿರುಚಿದ. ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಅವ್ವ ಎರಡೂ ಕೈಗಳನ್ನು ಒಟ್ಟಿಗೆ ಹಿಡಿದಿದ್ದಳು. ಆ ಹಿಡಿತ ನನಗೆ ಗೊತ್ತು. ಮೂವತ್ತು ವರ್ಷ ಬುಟ್ಟಿಯ ಕಂಠ ಹಿಡಿದ ಕೈ. ಇಬ್ಬರು ಗಂಡಸರು ಎಳೆದಾಡಿದರೂ ಅದು ಸಡಿಲಾಗಲಿಲ್ಲ.

ಅವ್ವ ಬೆರಳಲ್ಲೇ ತಡವಿ ನೋಡಿದಳು. "ನಾಲ್ಕು" ಅಂದಳು.

ಎಡಗೈಯಿಂದ ಟಾವೆಲ್ ಎಳೆದು ಬಿಸಾಕಿದಳು. ಬಯಲಿಗೆ ಬಂದ ಕೈಗಳನ್ನು ಓಣಿಯೆಲ್ಲ ನೋಡಿತು. ಶ್ರೀಶೈಲಪ್ಪನ ಮುಷ್ಟಿಯಲ್ಲಿ ಬಸಂತರಾಯನ ನಾಲ್ಕು ಬೆರಳು. ಮೇಲೆ ಅವ್ವನ ಕೈ.

"ಗುರುನಾಥಪ್ಪಾರ" ಅಂತ ಅವ್ವ ಗೇಟಿನ ಕಡೆ ಕೂಗಿದಳು. "ನೀವು ಎಷ್ಟು ಅಂದ್ರಿ?"

"ನಾಲ್ಕು ಅಂದೇನಿ" ಅಂದ ಗುರುನಾಥ. "ಮನ್ಯಾರು ನಾಲ್ಕಕ್ಕ ಕಡಿಮಿ ಒಪ್ಪೂದಿಲ್ಲ, ಎರಡು ಅಂತ ಕೂಗೂದು ಬರೇ ಚೌಕಾಶಿಗೆ ಅಂತ ದಲಾಲ್ಯಾರು ಹೇಳಿದ್ರು. ಜಾಗಾ ಬೇಕಾಗೇತಿ, ಹೂಂ ಅಂದೆ. ಯಾಕ?"

ಬಸಂತರಾಯ ನೆಲ ನೋಡಿದ. ಕರಾರು ಮೊದಲು ಅವನ ಹೆಸರಿಗೆ ಯಾಕೆ ಅಂತ ನನಗೆ ಆಗ ಹೊಳೆಯಿತು. ನಮಗೆ ಎರಡು, ಅವರಿಂದ ನಾಲ್ಕು. ನಡುವಿನ ಎರಡು ಬೆರಳು ಇವರಿಬ್ಬರ ಬಾಯಿಗೆ.

"ಶ್ರೀಶೈಲಪ್ಪಾ" ಅಂದಳು ಅವ್ವ. ಎದುರಿಗೆ ನಿಂತು ಅವನನ್ನು 'ರೀ' ಹಚ್ಚದೆ ಅವಳು ಕರೆದದ್ದು ಇದೇ ಮೊದಲು. "ನನ್ನ ಗಂಡ ಕೈ ಚಾಚಿದಾಗ ನೀ ಬೆನ್ನ ಹಿಂದ ಕೈ ಕಟ್ಟಿದ್ದಿ. ಮೈಲಿಗಿ ಅಂತ ಮಾಡತಾನ ಅಂತ ಇಷ್ಟು ವರ್ಷ ತಿಳದಿದ್ದೆ. ಮೈಲಿಗಿ ಅಲ್ಲೋ ಅದು. ನಮ್ಮ ಕೈ ಒಳಗ ಬಂದ್ರ ನಿನ್ನ ಕಳವು ತಿಳೀತೈತಿ. ಅದಕ್ಕ ಮುಟ್ಟಲಿಲ್ಲ ನೀ."

ಆಮೇಲೆ ಕೈ ಬಿಟ್ಟಳು.

ಶ್ರೀಶೈಲಪ್ಪ ಆ ಕೈಯನ್ನು ಮೈಯಿಂದ ದೂರ ಹಿಡಿದು ಅಂಗಳದ ನಳದ ಕಡೆ ಓಡಿದ. ತಿರುವಿದ.

"ತೊಳಕೋ" ಅಂದಳು ಅವ್ವ. "ಆ ನೀರು ನನ್ನ ಟಾಕೀದು. ನನ್ನ ಗಂಡ ಒಳಗ ಕುಂತು ಬರಿಗೈಲೆ ತಿಕ್ಕಿ ಮಾಡಿದ್ದು."

ಅವನ ಕೈ ನೀರಿನ ಹತ್ತಿರ ಹೋಗಿ ನಿಂತುಬಿಟ್ಟಿತು. ನಳ ಹಾಗೇ ಬಿಟ್ಟು ಪಕ್ಕದ ಮನೆಯ ಗೇಟಿಗೆ ಹೋದ. "ನೀರು ಕೊಡ್ರಿ, ಕೈ ತೊಳೀಬೇಕು" ಅಂದ.

"ಅದೂ ಅವನ ಮಾಡಿದ್ದ" ಅಂದಳು ಅವ್ವ.

ಎದುರು ಮನೆಯ ಕಡೆ ತಿರುಗಿದ.

"ಅದೂ. ಅದರಾಗ ಇಳದಾಗ ಅವಗ ಜ್ವರಾ ಬಂದಿದ್ದುವು."

ಬಾಗಿಲಲ್ಲಿ ನಿಂತವರು ತಮ್ಮ ತಮ್ಮ ಅಂಗಳದ ಟಾಕಿಯ ಮುಚ್ಚಳ ನೋಡಿಕೊಂಡರು.

"ಸಿಂದಗ್ಯಾಗ ಯಮನಪ್ಪ ಕೈ ಹಚ್ಚದ ಟಾಕಿ ಹುಡಿಕ್ಕೊಂಡು ಹೋಗು. ಸಿಕ್ಕರ ತೊಳಕೋ" ಅಂದಳು ಅವ್ವ.

ಗುರುನಾಥ ಹೆಂಡತಿಯನ್ನು ಕೂರಿಸಿಕೊಂಡು ತನ್ನ ಕಾರಲ್ಲಿ ಆಗಲೇ ಹೊರಟಿದ್ದ. ಶ್ರೀಶೈಲಪ್ಪ ಬಸಂತರಾಯನ ಕಾರು ಹತ್ತಿದ. ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳಲಾರದೆ ಕಿಟಕಿಯ ಹೊರಗೆ ಚಾಚಿ ಕೂತ. ಕಾರು ತಿರುವು ದಾಟುವ ತನಕ ಆ ಕೈ ಕಾಣುತ್ತಿತ್ತು. ನಾನು ಜೋರಾಗಿ ನಕ್ಕೆ. ಅಪ್ಪ ಹೋದ ಮೇಲೆ ಆ ಅಂಗಳದಲ್ಲಿ ಅಷ್ಟು ಜೋರಾಗಿ ನಾನು ನಕ್ಕಿರಲಿಲ್ಲ.

ಫೋಟೋಗಳು ಡಬ್ಬಿಯಿಂದ ಗೋಡೆಗೆ ಬಂದವು. ಮರುದಿನ ಅವ್ವ ಹೇಳಿದ ಹಾಗೆ ಕಂಪೌಂಡಿನ ಮೇಲೆ ಕೆಂಪು ಬಣ್ಣದಲ್ಲಿ ನಾನೇ ಬರೆದೆ. 'ಈ ಮನೆ ಮಾರುವುದಿದೆ. ಕಟ್ಟಿದವರು ಮಾದರ ಯಮನಪ್ಪ, ಮಾದರ ಗುಂಡವ್ವ. ದಲಾಲಿಗಳು ಬರಬಾರದು.' ಬರೆದು ಮುದ್ದೇಬಿಹಾಳಕ್ಕೆ, ನನ್ನ ತಗಡಿಗೆ ಹೋದೆ.

ಯಾರೂ ಬರಲಿಲ್ಲ. ಜನ ನಿಂತು ಓದುತ್ತಿದ್ದರಂತೆ, ಓದಿ ಹೋಗುತ್ತಿದ್ದರಂತೆ. ಬಿಸಿಲು ಏರಿತು. ಇಬ್ರಾಹಿಂಸಾಬರು ಆಸ್ಪತ್ರೆಗೆ ಬಂದು, ಏನಾತು ಬೇಟಿ, ಹಬ್ಬ ಹತ್ರ ಬಂತು ಅಂದರು. ಅವ್ವನಿಗೆ ಫೋನು ಮಾಡಿ, ಎರಡಕ್ಕೇ ಕೊಟ್ಟಿದ್ದರೆ ಚೆನ್ನಾಗಿತ್ತೇನೋ ಅಂದೆ. ಅವ್ವ ಫೋನು ಇಟ್ಟುಬಿಟ್ಟಳು.

ನಾನು ವಾರದ ರಜೆಗೆ ಸಿಂದಗಿಗೆ ಬಂದ ದಿನ ಗುರುನಾಥ ಬಂದ. ಒಬ್ಬನೇ. ಆ ರಸ್ತೆಯಲ್ಲಿ ಅಂಥ ಮೂಲೆ ಜಾಗ ಇನ್ನೊಂದು ಸಿಕ್ಕಿರಲಿಲ್ಲ ಅಂತ ಅವನ ಮುಖವೇ ಹೇಳುತ್ತಿತ್ತು. ಕಂಪೌಂಡಿನ ಬರಹದ ಮುಂದೆ ನಿಂತ, ಆಮೇಲೆ ಗೇಟು ದಾಟಿ ಬಂದ. ಅವ್ವ ಅಪ್ಪನ ಫೋಟೋ ಒರೆಸುತ್ತಿದ್ದಳು. ಒರೆಸುವ ಬಟ್ಟೆ ಶ್ರೀಶೈಲಪ್ಪ ಬಿಟ್ಟು ಹೋದ ಟಾವೆಲ್.

"ಅಕ್ಕಾರ" ಅಂದ ಗುರುನಾಥ. "ಹಿಂದಿಂದು ಬಿಡ್ರಿ. ನಡುವ ಯಾರೂ ಬ್ಯಾಡ. ನಾಲ್ಕು ಅಂದಿದ್ದೆ, ನಾಲ್ಕ ಕೊಡ್ತೇನಿ."

ಅಡಿಗೆ ಮನೆ ಕೆಡವುವುದನ್ನು ಅವನು ಬಿಡುವುದಿಲ್ಲ. ಅದು ನನಗೂ ಗೊತ್ತು, ಅವ್ವನಿಗೂ ಗೊತ್ತು. ಮನೆ ಬದಲಾದರೂ ಮನುಷ್ಯರು ಬದಲಾಗುವುದಿಲ್ಲ.

ಅವ್ವ ಕಟ್ಟೆಗೆ ಬಂದು ಕೂತಳು. "ಹಂಗಾರ ಕೈ ಕೊಡ್ರಿ" ಅಂದಳು.

ಗುರುನಾಥ ಓಣಿಯ ಕಡೆ ನೋಡಿದ. ಬಾಗಿಲುಗಳು ತೆರೆದಿದ್ದವು. ದನಿ ತಗ್ಗಿಸಿ ಅಂದ, "ಟಾವೆಲ್ ಹಾಕ್ರಿ."

"ಟಾವೆಲ್ ಬ್ಯಾಡ್ರಿ. ಬಯಲಾಗ ಕೊಡ್ರಿ."

ಗುರುನಾಥ ಜಾಗ ನೋಡಿದ, ರಸ್ತೆ ನೋಡಿದ, ಮತ್ತೆ ಓಣಿ ನೋಡಿದ. ಕೊನೆಗೆ ಕೈ ಚಾಚಿದ. ಅವ್ವ ಹಿಡಿದಳು. ನಾಲ್ಕು ಬೆರಳು ಹಿಡಿದಳು. ಆಮೇಲೆ ಹೆಬ್ಬೆರಳನ್ನೂ ಸೇರಿಸಿ ಹಿಡಿದಳು.

"ಐದು."

"ಅಲ್ರೀ, ನಾಲ್ಕು ಇತ್ತಲ್ರಿ!"

"ನಾಲ್ಕು ಮನೀದು. ನಿಮ್ಮ ಮನ್ಯಾರು ನನ್ನ ನೀರು ಕುಡದು ನನ್ನ ಅಂಗಳದಾಗ ಉಗುಳಿದ್ರಲ್ಲ, ಐದನೇದು ಅದರದು."

ಅವನು ಕೈ ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಎದುರು ಮನೆಯಾಕೆ ಹೊಸ್ತಿಲು ದಾಟಿ ಹೊರಗೆ ಬಂದು ನಿಂತಳು.

"ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ" ಅಂದಳು ಅವ್ವ. "ನಿಮ್ಮ ಕೈ ನನಗೇನು ಭಾರ ಆಗೂದಿಲ್ಲ. ಕಲ್ಲು ಹೊತ್ತಾಕಿ ನಾ."

ಗುರುನಾಥ ತಲೆ ಬಗ್ಗಿಸಿ, ತುಟಿಯಲ್ಲೇ, "ಹೂಂ... ಐದು" ಅಂದ.

ಅವ್ವ ಕೈ ಬಿಡಲಿಲ್ಲ.

"ಜೋರಾಗಿ ಅನ್ರಿ" ಅಂದಳು. "ನಮ್ಮ ಬೆಲಿ ಯಾವಾಗ್ಲೂ ಮಂದಿಗೆ ಕೇಳೂ ಹಂಗನ ಕೂಗ್ಯಾರ."